ನಾಶ ಎಂದು ಬರೆಯುವ ಮೊದಲು

ಸುದ್ದಿ ಡೆಸ್ಕ್‌ಗೆ ಸೇರಿದ ಹೊಸತು. ಏಜೆನ್ಸಿಯಿಂದ ಒಂದು ಇಂಗ್ಲಿಷ್ ಕಾಪಿ ಬಂತು. ಅಪಘಾತದಲ್ಲಿ ಮಗ ತೀರಿಕೊಂಡಿದ್ದ, ಕುಟುಂಬ ‘ಡಿವಾಸ್ಟೇಟೆಡ್’ ಎಂದಿತ್ತು. ಗಡಿಬಿಡಿಯಲ್ಲಿ ‘ಕುಟುಂಬ ಸರ್ವನಾಶ’ ಎಂದು ಹೆಡ್ಡಿಂಗ್ ಕೊಟ್ಟೆ. ಬೆಳಿಗ್ಗೆ ಓದುಗರೊಬ್ಬರ ಫೋನ್ ಬಂತು. “ಸರ್, ಮನೆಯವರೆಲ್ಲ ಹೋಗಿಬಿಟ್ರಾ? ಒಳಗೆ ಮಗ ಮಾತ್ರ ಅಂತಿದೆಯಲ್ಲ?” ಏನು ಹೇಳಬೇಕೋ ತೋಚಲಿಲ್ಲ. ಆ ತಾಯಿಯೂ ಅದನ್ನು ಓದಿರಬಹುದು ಎಂಬುದು ಇವತ್ತಿಗೂ ಚುಚ್ಚುತ್ತದೆ.

ಇಂಗ್ಲಿಷಿನ ಆ ಒಂದೇ ಪದ ಊರಿಗೂ ಆಗುತ್ತದೆ, ಮನಸ್ಸಿಗೂ ಆಗುತ್ತದೆ. ಕನ್ನಡದಲ್ಲಿ ಹಾಗಲ್ಲ. ಊರು ನಾಶವಾಗುತ್ತದೆ. ಮನುಷ್ಯ ಕುಸಿದುಹೋಗುತ್ತಾನೆ, ಕಂಗಾಲಾಗುತ್ತಾನೆ. ಅಂದಿನಿಂದ ಈ ಪದಗಳನ್ನು ಒಂದೊಂದಾಗಿ ಗಮನಿಸತೊಡಗಿದೆ.

‘ನಜ್ಜುಗುಜ್ಜು’ ಕಾರಿಗೆ, ಬಸ್ಸಿಗೆ ಮಾತ್ರ. ಕನಸು ನಜ್ಜುಗುಜ್ಜಾಯಿತು ಎಂದು ಯಾರೂ ಬರೆಯುವುದಿಲ್ಲ. ಕನಸು ‘ನುಚ್ಚುನೂರು’ ಆಗುತ್ತದೆ, ಗಾಜೂ ಆಗುತ್ತದೆ. ‘ನೆಲಕಚ್ಚು’ ನನಗೆ ತುಂಬ ಇಷ್ಟದ ಪದ. ಮಳೆಗೆ ಬೆಳೆ ನಿಜವಾಗಿಯೂ ನೆಲ ಕಚ್ಚುತ್ತದೆ. ಅದೇ ಚಿತ್ರ ಷೇರುಪೇಟೆಗೂ ಸಿನಿಮಾಕ್ಕೂ ಹೊಂದುತ್ತದೆ, ಎಲ್ಲೂ ಸುಳ್ಳು ಅನ್ನಿಸುವುದಿಲ್ಲ.

‘ಧ್ವಂಸ’ದಲ್ಲಿ ಎಚ್ಚರ ಜಾಸ್ತಿ ಬೇಕು. ಆ ಪದ ಬಂದ ಕೂಡಲೇ ಓದುಗರು ‘ಯಾರು ಮಾಡಿದ್ದು?’ ಎಂದು ಹುಡುಕುತ್ತಾರೆ. 2001ರ ಮಾರ್ಚ್‌ನಲ್ಲಿ ತಾಲಿಬಾನ್ ಬಾಮಿಯಾನ್‌ನ ಬುದ್ಧ ವಿಗ್ರಹಗಳನ್ನು ಸ್ಫೋಟಿಸಿತು. ಅದು ಧ್ವಂಸವೇ, ಬೇರೆ ಪದ ಇಲ್ಲ. 2022ರ ಆಗಸ್ಟ್ 28ರಂದು ನೋಯ್ಡಾದ ಜೋಡಿ ಕಟ್ಟಡಗಳನ್ನು ಸುಮಾರು 3,700 ಕೆ.ಜಿ. ಸ್ಫೋಟಕ ಇಟ್ಟು ಬೀಳಿಸಿದರು. ಅಲ್ಲೂ ಸ್ಫೋಟಕವೇ. ಆದರೆ ಅದು ಸುಪ್ರೀಂ ಕೋರ್ಟ್ ಆದೇಶದಂತೆ ನಡೆದದ್ದು. ಹಾಗಾಗಿ ‘ನೆಲಸಮ’ ಸರಿ. ಇನ್ನು ‘ತೆರವು’ ಅಧಿಕಾರಿಗಳ ಪದ. ಅವರ ಪ್ರಕಟಣೆಯಲ್ಲಿ ಇದೆ ಎಂದು ಸುಮ್ನೆ ಎತ್ತಿಕೊಂಡರೆ ಒಳಗಿದ್ದ ಮನೆಗಳೇ ಕಾಣದಂತಾಗುತ್ತವೆ. ಆದ್ದರಿಂದ ‘40 ಮನೆ ಕೆಡವಿದರು’ ಎನ್ನುವ ಹಾಗೆ ಎಣಿಸಿ ಬರೆಯುತ್ತೇನೆ.

ಪ್ರವಾಹದ ವರದಿಯಲ್ಲಿ ‘ಗ್ರಾಮ ಸಂಪೂರ್ಣ ನಾಶ’ ಎಂದು ಬಂದರೆ ವರದಿಗಾರರಿಗೆ ಫೋನ್ ಮಾಡುತ್ತೇನೆ. ಎಷ್ಟು ಮನೆ? ಪೂರ್ತಿ ಬಿದ್ದಿವೆಯಾ, ಗೋಡೆ ಮಾತ್ರವಾ? ಹೊಲದಲ್ಲಿ ನೀರು ನಿಂತಿದೆಯಾ, ಮಣ್ಣೇ ಕೊಚ್ಚಿಹೋಗಿದೆಯಾ? ನೀರು ಇಳಿದರೆ ಬೆಳೆ ಸ್ವಲ್ಪವಾದರೂ ಉಳಿಯಬಹುದು. ಮಣ್ಣೇ ಹೋದರೆ ಮುಂದಿನ ಬಿತ್ತನೆಯೂ ಇಲ್ಲ. ಇದು ಸಣ್ಣ ವ್ಯತ್ಯಾಸ ಅಲ್ಲ, ಅಲ್ವಾ? ಎಷ್ಟೋ ಸಲ ಉತ್ತರ ಸಿಕ್ಕ ಮೇಲೆ ‘ನಾಶ’ ಎಂಬ ಪದವೇ ಬೇಕಾಗುವುದಿಲ್ಲ.

ಕ್ರೀಡಾಪುಟದಲ್ಲಿ ‘ಧೂಳೀಪಟ’ದ ಹಾವಳಿ. ನಾಲ್ಕೇ ಅಕ್ಷರ, ಎರಡು ಕಾಲಂಗೆ ಚೆನ್ನಾಗಿ ಕೂರುತ್ತದೆ. ಆದರೆ 2020ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ಭಾರತ 36 ರನ್‌ಗೆ ಮುಗಿದದ್ದು ನೆನಪಿದೆಯಾ? ಮುಂದಿನ ತಿಂಗಳು ಬ್ರಿಸ್ಬೇನ್‌ನಲ್ಲಿ ಗೆದ್ದು, ಅದೇ ತಂಡ ಸರಣಿಯನ್ನು 2–1ರಿಂದ ತನ್ನದಾಗಿಸಿಕೊಂಡಿತು. ಧೂಳಾದದ್ದು ಮತ್ತೆ ಎದ್ದು ನಿಲ್ಲುವುದಿಲ್ಲ. ಕುಸಿದವರು ನಿಲ್ಲುತ್ತಾರೆ. ಅಲ್ಲಿ ‘ಕುಸಿತ’ವೇ ಸರಿಯಾದ ಪದ.

2023ರ ಫೆಬ್ರುವರಿಯಲ್ಲಿ ಟರ್ಕಿ, ಸಿರಿಯಾದಲ್ಲಿ ಭೂಕಂಪವಾದಾಗ ನಾನು ರಾತ್ರಿ ಪಾಳಿಯಲ್ಲಿದ್ದೆ. ಪುಟದ ಮೇಲ್ಭಾಗದಲ್ಲಿ ಕಟ್ಟಡಗಳ ರಾಶಿ, ಮಣ್ಣು ಮೆತ್ತಿದ ಮುಖಗಳು. ಕೆಳಗೆ ಒಂದು ಪಂದ್ಯದ ಸುದ್ದಿ, ‘ಎದುರಾಳಿ ಧೂಳೀಪಟ’. ಪುಟ ಇನ್ನೇನು ಪ್ರೆಸ್‌ಗೆ ಹೋಗಬೇಕು. ಆ ಹೆಡ್ಡಿಂಗ್ ತೆಗೆದು ‘ಎದುರಾಳಿಗೆ ದೊಡ್ಡ ಅಂತರದ ಸೋಲು’ ಎಂದು ಹಾಕಿದೆ. ಒಂದು ಸಾಲು ಹೆಚ್ಚಾಯಿತು. ಪುಟ ಕಟ್ಟುವವರು ಏನೂ ಕೇಳದೆ ಆಟಗಾರನ ಫೋಟೊ ಸ್ವಲ್ಪ ಕತ್ತರಿಸಿ ಜಾಗ ಮಾಡಿಕೊಟ್ಟರು.