ಹೊರದೇಶದ ಕಂಪನಿಗೆ ಸಬ್‌ಕಾಂಟ್ರಾಕ್ಟ್ ಕೊಡುವ ಮುನ್ನ ತೆರಿಗೆ ಲೆಕ್ಕ

ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದು ಪ್ರಾಜೆಕ್ಟಿನ ಒಂದು ಭಾಗವನ್ನು ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುವ ಡೆವಲಪರ್‌ನ ಸ್ವಂತ ಕಂಪನಿಗೆ ವಹಿಸುತ್ತದೆ ಎಂದುಕೊಳ್ಳಿ. ಕೆಲಸ ನಡೆಯುವುದು ಅಲ್ಲಿ, ಅವರು ತೆರಿಗೆ ಕಟ್ಟುವುದೂ ಅಲ್ಲೇ. ಹಾಗಾಗಿ ಇನ್‌ವಾಯ್ಸ್ ಮೊತ್ತ ಪೂರ್ತಿ ಕಳಿಸಿದರೆ ಮುಗಿಯಿತು ಎಂದು ಬಹಳ ಜನ ನಂಬಿದ್ದಾರೆ. ಕಾನೂನು ಹಾಗಿಲ್ಲ. 2026ರ ಮಾರ್ಚ್ 31ರವರೆಗಿನ ಪಾವತಿಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 9ರ ಪ್ರಕಾರ, ತಾಂತ್ರಿಕ ಸೇವೆಗೆ ಭಾರತದವರು ಕೊಡುವ ಶುಲ್ಕ, ಸೇವೆ ಎಲ್ಲೇ ನಡೆದಿರಲಿ, ಸಾಮಾನ್ಯವಾಗಿ ಭಾರತದಲ್ಲೇ ಹುಟ್ಟಿದ ಆದಾಯ. ಕಲಂ 195ರಡಿ ಟಿಡಿಎಸ್ (ಪಾವತಿಯಿಂದಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯುವ ಹೊಣೆ ಹಣ ಕೊಡುವವರದು. ಇಷ್ಟು ಮೊತ್ತದವರೆಗೆ ಬೇಡ ಎಂಬ ಮಿತಿಯೂ ಇಲ್ಲ. ಭಾರತದ ಹೊರಗಿನ ಆದಾಯದ ಮೂಲಕ್ಕಾಗಿ ಪಡೆದ ಸೇವೆಗೆ ವಿನಾಯಿತಿ ಉಂಟು. ಆದರೆ ನಿಮ್ಮ ಗ್ರಾಹಕರು ವಿದೇಶದವರು ಎಂಬ ಒಂದೇ ಕಾರಣಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ, ಕೋರ್ಟಿನಲ್ಲಿ ಅದು ನಿಲ್ಲದೆ ಹೋದದ್ದಿದೆ.

ಟಿಡಿಎಸ್ ಹಿಡಿಯಬೇಕಿದ್ದಲ್ಲಿ ಹಿಡಿಯದಿದ್ದರೆ ಕಲಂ 40ರಡಿ ಆ ಪಾವತಿ ಅಷ್ಟೂ ಖರ್ಚಾಗಿ ಸಿಗದು. ದೇಶದೊಳಗಿನ ಕಾಂಟ್ರಾಕ್ಟರ್ ಆಗಿದ್ದರೆ 30%ಗೆ ಮಾತ್ರ ಕತ್ತರಿ, ಇಲ್ಲಿ 100%. ಇದಲ್ಲದೆ ಹಿಡಿಯದ ತೆರಿಗೆ, ಅದಕ್ಕೆ ತಿಂಗಳಿಗೆ 1% ಬಡ್ಡಿ. ಹಿಡಿದೂ ಕಟ್ಟದಿದ್ದರೆ ಬಡ್ಡಿ 1.5%.

ಮೊದಲು ಆ ದೇಶದ ಜೊತೆಗಿನ ತೆರಿಗೆ ಒಪ್ಪಂದ ತೆಗೆದು ಓದಿ. ದೇಶೀಯ ದರ 20%, 4% ಸೆಸ್ ಸೇರಿ 20.8%, ಮೊತ್ತ 1 ಕೋಟಿ ದಾಟಿದರೆ ಸರ್ಚಾರ್ಜ್ ಬೇರೆ. ಜರ್ಮನಿಯ ಒಪ್ಪಂದದಲ್ಲಿ ತಾಂತ್ರಿಕ ಸೇವೆಗೆ 10%, ಸೆಸ್ ಇಲ್ಲ. ಅಮೆರಿಕ, ಬ್ರಿಟನ್, ಸಿಂಗಾಪುರ, ನೆದರ್ಲ್ಯಾಂಡ್ಸ್ ಒಪ್ಪಂದಗಳಲ್ಲಿ ‘ಮೇಕ್ ಅವೈಲಬಲ್’ ಷರತ್ತಿದೆ: ಸೇವೆಯ ಜೊತೆಗೆ ತಂತ್ರಜ್ಞಾನವೂ ನಿಮ್ಮ ಕೈಗೆ ಬಂದು, ಮುಂದಿನ ಸಲ ಅವರಿಲ್ಲದೆ ನೀವೇ ಆ ಕೆಲಸ ಮಾಡುವಂತಾದರೆ ಮಾತ್ರ ತೆರಿಗೆ. ಕರ್ನಾಟಕ ಹೈಕೋರ್ಟ್ 2012ರಲ್ಲಿ ಡಿ ಬೀರ್ಸ್ ಇಂಡಿಯಾ ಮಿನರಲ್ಸ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಡಚ್ ಕಂಪನಿ ವಿಮಾನದಿಂದ ಭೂ ಸರ್ವೆ ಮಾಡಿ ಮಾಹಿತಿ ಕೊಟ್ಟಿತ್ತೇ ಹೊರತು ಸರ್ವೆಯ ತಂತ್ರಜ್ಞಾನವನ್ನಲ್ಲ, ಹಾಗಾಗಿ ತೆರಿಗೆ ಇಲ್ಲ ಎಂದಿತು. ಕೋಡ್ ಬರೆದು ಒಪ್ಪಿಸಿ ಹೋಗುವ ಕೆಲಸಕ್ಕೆ ಈ ವಾದ ಸಾಮಾನ್ಯವಾಗಿ ಹೊಂದುತ್ತದೆ. ಅದೇ ಅವರೊಂದಿಗಿನ ಕೆಲಸದ ಕರಾರಿಗೆ ‘ನಮ್ಮ ತಂಡಕ್ಕೆ ತರಬೇತಿ, ನಾಲೆಡ್ಜ್ ಟ್ರಾನ್ಸ್‌ಫರ್’ ಎಂಬ ಸಾಲು ಸೇರಿಸಿದರೆ ನಿಮ್ಮ ವಾದವನ್ನು ನೀವೇ ಕೆಡಿಸಿದಂತೆ. ಕೋಡಿನ ಹಕ್ಕು ಅವರಲ್ಲೇ ಉಳಿದು ನಿಮಗೆ ಲೈಸೆನ್ಸ್ ಮಾತ್ರ ಬಂದರೆ ರಾಯಲ್ಟಿಯ (ಹಕ್ಕಿನ ಬಳಕೆಗೆ ಕೊಡುವ ಶುಲ್ಕದ) ಪ್ರಶ್ನೆಯೂ ಏಳಬಹುದು.

ಒಪ್ಪಂದದ ಲಾಭ ಬೇಕಿದ್ದರೆ ಮೊದಲ ಪಾವತಿಗೂ ಮುಂಚೆ ಮೂರು ಕಾಗದ ಕೈಯಲ್ಲಿರಲಿ: ಆ ದೇಶದ ತೆರಿಗೆ ಇಲಾಖೆ ಕೊಟ್ಟ ಟಿಆರ್‌ಸಿ (ಅಲ್ಲಿನ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರ), ನಮ್ಮ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅವರೇ ಸಲ್ಲಿಸಿದ ಫಾರ್ಮ್ 10ಎಫ್, ಭಾರತದಲ್ಲಿ ತಮಗೆ ವ್ಯವಹಾರದ ಕಾಯಂ ನೆಲೆ (ಕಚೇರಿಯಂಥದ್ದು) ಇಲ್ಲ ಎಂಬ ಪತ್ರ. ಪ್ಯಾನ್ ಇಲ್ಲದವರೂ 10ಎಫ್ ಸಲ್ಲಿಸಬಹುದು. ಪ್ಯಾನ್ ಇಲ್ಲವೆಂದು 20% ಬೀಳಬಾರದು ಎಂದಿದ್ದರೆ ನಿಯಮ 37ಬಿಸಿ ಕೇಳುವ ಹೆಸರು, ಇಮೇಲ್, ಫೋನ್, ವಿಳಾಸ, ಅಲ್ಲಿನ ತೆರಿಗೆ ಸಂಖ್ಯೆ, ಟಿಆರ್‌ಸಿ ಎಲ್ಲವನ್ನೂ ಪಡೆಯಿರಿ.

ಅಮೆರಿಕದ ಎಲ್‌ಎಲ್‌ಸಿಗಳ (ಸೀಮಿತ ಹೊಣೆಯ ಕಂಪನಿಗಳ) ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಒಬ್ಬರೇ ಮಾಲೀಕರಿರುವ ಎಲ್‌ಎಲ್‌ಸಿಯನ್ನು ಅಲ್ಲಿನ ಕಾನೂನು, ಬೇರೆ ಆಯ್ಕೆ ಮಾಡಿಕೊಳ್ಳದಿದ್ದರೆ, ಪ್ರತ್ಯೇಕ ತೆರಿಗೆದಾರ ಎಂದು ನೋಡುವುದಿಲ್ಲ. ಆದಾಯ ಹೋಗುವುದು ಮಾಲೀಕರ ಲೆಕ್ಕಕ್ಕೆ. ಮಾಲೀಕರು ಅಮೆರಿಕದ ನಿವಾಸಿ ಅಲ್ಲದಿದ್ದರೆ ಅಲ್ಲಿನ ಟಿಆರ್‌ಸಿಯಾದ ಫಾರ್ಮ್ 6166 ಸಿಗುವುದು ಕಷ್ಟ, ಆಗ ಅಮೆರಿಕದ ಒಪ್ಪಂದದ ದಾರಿ ಮುಚ್ಚಿದಂತೆಯೇ. ಇನ್ನು, ಡೆಲಾವೇರ್‌ನಲ್ಲಿ ನೋಂದಾಯಿಸಿ ಮೈಸೂರಿನಲ್ಲಿ ಕೂತು ನಡೆಸುವ ಕಂಪನಿಯಾದರೆ, ಅದರ ವಹಿವಾಟು ವರ್ಷಕ್ಕೆ 50 ಕೋಟಿ ದಾಟಿದ್ದರೆ, ನಿರ್ಧಾರಗಳು ಇಲ್ಲೇ ಆಗುವುದರಿಂದ ಅದನ್ನು ಭಾರತದ ನಿವಾಸಿ ಎನ್ನಲು ಇಲಾಖೆಗೆ ಅವಕಾಶವಿದೆ. ಮಾಲೀಕರು ಎಲ್ಲಿ ವಾಸಿಸುತ್ತಾರೆ, ಯಾವ ದೇಶದಲ್ಲಿ ರಿಟರ್ನ್ ಸಲ್ಲಿಸುತ್ತಾರೆ ಎಂದು ಕೇಳಲು ಸಂಕೋಚ ಬೇಡ.

‘ನಮಗೆ ಪೂರ್ತಿ ಮೊತ್ತ ಬರಬೇಕು, ನಿಮ್ಮ ತೆರಿಗೆ ನಿಮ್ಮದು’ ಎಂದು ಅವರು ಹಠ ಹಿಡಿಯುವುದು ಸಾಮಾನ್ಯ. ಒಪ್ಪಿದರೆ ಕಲಂ 195ಎ ಪ್ರಕಾರ ಗ್ರಾಸ್ ಅಪ್ ಮಾಡಬೇಕು, ಅಂದರೆ ತೆರಿಗೆ ಕಳೆದ ಮೇಲೆ ಅವರ ಮೊತ್ತ ಉಳಿಯುವಂತೆ ಪಾವತಿಯನ್ನು ಹಿಗ್ಗಿಸಿ ಲೆಕ್ಕ ಹಾಕಬೇಕು. ಅವರ ಕೈಗೆ 10,00,000 ರೂಪಾಯಿ ಸೇರಬೇಕು, ದರ 20.8% ಎಂದರೆ 10,00,000ವನ್ನು 0.792ರಿಂದ ಭಾಗಿಸಿ: 12,62,626. ಅಂದರೆ ತೆರಿಗೆ 2,62,626. ಹತ್ತು ಲಕ್ಷಕ್ಕೆ 20.8% ಎಂದು 2,08,000 ಕಟ್ಟಿ ಕೈತೊಳೆದುಕೊಳ್ಳುವ ತಪ್ಪು ಪದೇ ಪದೇ ಆಗುತ್ತದೆ. ಜರ್ಮನಿಯ 10% ದರದಲ್ಲಿ ತೆರಿಗೆ 1,11,111. ಬೆಲೆ ಮಾತಾಡುವಾಗಲೇ ಈ ಲೆಕ್ಕ ಮುಂದಿಡಿ. ಟಿಡಿಎಸ್ ಹಿಡಿದರೆ ಅದರ ಪ್ರಮಾಣಪತ್ರವಾದ ಫಾರ್ಮ್ 16ಎ ಸಿಗುತ್ತದೆ, ಅದನ್ನು ತೋರಿಸಿ ತಮ್ಮ ದೇಶದಲ್ಲಿ ಕ್ರೆಡಿಟ್ ಕೇಳಬಹುದು ಎಂದು ವಿವರಿಸಿದರೆ ಹಲವರು ಒಪ್ಪುತ್ತಾರೆ.

ಟಿಡಿಎಸ್ ಹಿಡಿಯಲು ಟ್ಯಾನ್ (ತೆರಿಗೆ ಹಿಡಿಯುವವರ ಖಾತೆ ಸಂಖ್ಯೆ) ಬೇಕು. ಪುಸ್ತಕದಲ್ಲಿ ಜಮೆ ಮಾಡಿದ ದಿನ ಅಥವಾ ಹಣ ಕೊಟ್ಟ ದಿನ, ಯಾವುದು ಮೊದಲೋ ಅಂದೇ ಹಿಡಿದು, ಮುಂದಿನ ತಿಂಗಳ 7ರೊಳಗೆ ಕಟ್ಟಿ. ಮಾರ್ಚ್‌ನದಕ್ಕೆ ಏಪ್ರಿಲ್ 30ರವರೆಗೆ ಸಮಯ. ಮೂರು ತಿಂಗಳಿಗೊಮ್ಮೆ ಟಿಡಿಎಸ್ ವಿವರದ ಫಾರ್ಮ್ 27ಕ್ಯೂ ಸಲ್ಲಿಸಿ. ಹಣ ಕಳಿಸುವ ಮುನ್ನ ಪಾವತಿಯ ಘೋಷಣೆಯಾದ ಫಾರ್ಮ್ 15ಸಿಎ. ತೆರಿಗೆಗೊಳಪಡುವ ಪಾವತಿ ವರ್ಷದಲ್ಲಿ 5 ಲಕ್ಷ ದಾಟಿದರೆ ಚಾರ್ಟರ್ಡ್ ಅಕೌಂಟೆಂಟ್ ಕೊಡುವ 15ಸಿಬಿ ಪ್ರಮಾಣಪತ್ರ ಸಹ ಬೇಕು. ತೆರಿಗೆ ಒಪ್ಪಂದದ ಬಲದ ಮೇಲೆ ಸೊನ್ನೆ ತೆರಿಗೆ ಎನ್ನುವಾಗಲೂ 15ಸಿಬಿ ಮಾಡಿಸುವುದೇ ಕ್ಷೇಮ. 15ಸಿಎ ತಪ್ಪಿದರೆ 1 ಲಕ್ಷದವರೆಗೆ ದಂಡ ಬೀಳಬಹುದು. ಇಲ್ಲಿನ ಕಲಂ, ಫಾರ್ಮ್ ಸಂಖ್ಯೆಗಳೆಲ್ಲ ಹಳೆಯ ಕಾಯ್ದೆಯವು. 2026ರ ಏಪ್ರಿಲ್ 1ರಿಂದಾಚೆಗಿನ ಪಾವತಿಗೆ 2025ರ ಹೊಸ ಕಾಯ್ದೆ ಅನ್ವಯಿಸುತ್ತದೆ, ಅದರ ಹೊಸ ಸಂಖ್ಯೆಗಳನ್ನು ನೋಡಿಕೊಳ್ಳಿ.

ಜಿಎಸ್‌ಟಿಯನ್ನು ಎಷ್ಟೋ ಜನ ಮರೆತೇಬಿಡುತ್ತಾರೆ. ವಿದೇಶದಿಂದ ಸೇವೆ ತರಿಸಿದರೆ ರಿವರ್ಸ್ ಚಾರ್ಜ್‌ನಲ್ಲಿ (ಮಾರುವವರ ಬದಲು ಕೊಳ್ಳುವವರೇ ತೆರಿಗೆ ಕಟ್ಟುವ ಪದ್ಧತಿ) 18% ಐಜಿಎಸ್‌ಟಿ ನೀವೇ ಕಟ್ಟಬೇಕು. ವಹಿವಾಟು ಎಷ್ಟೇ ಕಡಿಮೆ ಇರಲಿ, ಇದಕ್ಕಾಗಿ ನೋಂದಣಿ ಕಡ್ಡಾಯ. ಸೆಲ್ಫ್ ಇನ್‌ವಾಯ್ಸ್ ಮಾಡಿ, ಜಿಎಸ್‌ಟಿಆರ್-3ಬಿಯ 3.1(ಡಿ)ಯಲ್ಲಿ ತೋರಿಸಿ, ನಗದು ಲೆಡ್ಜರ್‌ನಿಂದಲೇ ಕಟ್ಟಿ. ಕ್ರೆಡಿಟ್ ಲೆಡ್ಜರ್‌ನಿಂದ ಆಗದು. ಕಟ್ಟಿದ ಮೇಲೆ ಅದರ ಕ್ರೆಡಿಟ್ ಸಿಗುತ್ತದೆ. ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಕೊಟ್ಟು ರಫ್ತು ಮಾಡುವವರು ಆ ಕ್ರೆಡಿಟ್‌ನ ರೀಫಂಡ್ ಕೇಳಬಹುದು, ಆದರೆ ಅದು ಬರುವವರೆಗೆ ನಿಮ್ಮ ದುಡ್ಡು ಸಿಕ್ಕಿಕೊಂಡಿರುತ್ತದೆ.