ಡೇಟಾಬೇಸ್ ‘ಡಿನೈಡ್’ ಅಂದರೆ ಮೊದಲು ನಂಬರ್ ನೋಡಿ

ಅಂಗಡಿಯ ಮಾರಾಟ ಒಂದು ಡೇಟಾಬೇಸ್‌ನಲ್ಲಿ, ಲೆಕ್ಕಪತ್ರ ಇನ್ನೊಂದರಲ್ಲಿ. ಎರಡನ್ನೂ ನಡೆಸುವ ತಂತ್ರಾಂಶ, ಅಂದರೆ ಮೈಎಸ್‌ಕ್ಯೂಎಲ್ ಸರ್ವರ್, ಮಾತ್ರ ಒಂದೇ. ಬಿಲ್ ಸಲೀಸಾಗಿ ಬರುತ್ತದೆ, ಎರಡನ್ನೂ ಸೇರಿಸಿ ತಿಂಗಳ ವರದಿ ತೆಗೆಯಲು ಹೋದರೆ ‘ಡಿನೈಡ್’, ಅಂದರೆ ಅನುಮತಿ ಇಲ್ಲ ಎಂಬ ಎರರ್. ಆಗ ಬಹಳ ಜನ ಸುಮ್ನೆ ‘ಗ್ರ್ಯಾಂಟ್ ಆಲ್’, ಅಂದರೆ ಎಲ್ಲ ಅನುಮತಿಯನ್ನೂ ಕೊಡುವ ಆದೇಶ, ಕೊಟ್ಟುಬಿಡುತ್ತಾರೆ. ದಯವಿಟ್ಟು ಬೇಡ. ವರದಿ ಓದುವ ಯೂಸರ್‌ಗೆ ಟೇಬಲ್ ಅಳಿಸುವ ಅಧಿಕಾರ ಯಾಕೆ?

ಮೊದಲು ಎರರ್ ನಂಬರ್ ಓದಿ. 1045 ಬಂದರೆ ಲಾಗಿನ್ನೇ ಆಗಿಲ್ಲ. ಪಾಸ್‌ವರ್ಡ್ ಅಥವಾ ಹೋಸ್ಟ್ (ನೀವು ಯಾವ ಕಂಪ್ಯೂಟರ್‌ನಿಂದ ಬರುತ್ತಿದ್ದೀರಿ ಎಂಬುದು) ನೋಡಿ. 1044 ಅಂದರೆ ಒಳಗೆ ಬಂದಿದ್ದೀರಿ, ಆ ಡೇಟಾಬೇಸ್‌ಗೆ ಪ್ರವೇಶ ಇಲ್ಲ. 1142 ಅಂದರೆ ಒಂದು ಟೇಬಲ್ ಮೇಲೆ ಆ ಕೆಲಸಕ್ಕೆ ಅನುಮತಿ ಇಲ್ಲ. ನಮ್ಮ ವರದಿಯಲ್ಲಿ ಬರುವುದು ಸಾಮಾನ್ಯವಾಗಿ ಇದೇ. ಯಾವ ಟೇಬಲ್ ಅನ್ನುವುದೂ ಅದೇ ಸಾಲಿನಲ್ಲಿರುತ್ತದೆ.

ಆಮೇಲೆ, ಸರ್ವರ್ ನಿಮ್ಮನ್ನು ಯಾರೆಂದು ತಿಳಿದಿದೆ? ಜಾಸ್ತಿ ಜನ ಎಡವುವುದು ಇಲ್ಲೇ. ಮೈಎಸ್‌ಕ್ಯೂಎಲ್‌ನಲ್ಲಿ ಖಾತೆ ಅಂದರೆ ಬರೀ ಹೆಸರಲ್ಲ. ಹೆಸರು ಮತ್ತು ಹೋಸ್ಟ್ ಎರಡೂ ಸೇರಿದ್ದು. ‘ವರದಿ’ ಅನ್ನುವ ಯೂಸರ್ ಲೋಕಲ್‌ಹೋಸ್ಟ್‌ಗೆ, ಅಂದರೆ ಸರ್ವರ್ ಇರುವ ಅದೇ ಕಂಪ್ಯೂಟರ್‌ಗೆ, ಒಂದು, ಶೇಕಡಾ ಚಿಹ್ನೆಗೆ, ಅಂದರೆ ಎಲ್ಲಿಂದ ಬಂದರೂ ಸರಿ ಎಂಬುದಕ್ಕೆ, ಇನ್ನೊಂದು ಇರಬಹುದು. ಹೆಸರು ಒಂದೇ ಆದರೂ ಖಾತೆ ಬೇರೆ, ಅನುಮತಿಯೂ ಬೇರೆ. ನೀವು ಒಂದಕ್ಕೆ ಕೊಟ್ಟಿರುತ್ತೀರಿ, ಪ್ರೋಗ್ರಾಂ ಇನ್ನೊಂದಾಗಿ ಒಳಗೆ ಬಂದಿರುತ್ತದೆ. ಪ್ರೋಗ್ರಾಂ ಬಳಸುವ ಅದೇ ಕನೆಕ್ಷನ್‌ನಿಂದ ‘ಕರೆಂಟ್ ಯೂಸರ್’ ಫಂಕ್ಷನ್ ಕರೆಯಿರಿ. ಸರ್ವರ್ ನಿಮ್ಮನ್ನು ಯಾವ ಖಾತೆಗೆ ಹೊಂದಿಸಿದೆ ಎಂದು ಅದು ಹೇಳುತ್ತದೆ.

ಈಗ ಆ ಖಾತೆಗೆ ‘ಶೋ ಗ್ರ್ಯಾಂಟ್ಸ್’ ಓಡಿಸಿ, ಅದಕ್ಕಿರುವ ಅನುಮತಿಗಳ ಪಟ್ಟಿ ಬರುತ್ತದೆ. ಎರಡೂ ಡೇಟಾಬೇಸ್‌ಗೆ ಒಂದೊಂದು ಸಾಲು ಕಾಣಬೇಕು. ಲೆಕ್ಕದ ಸಾಲು ಇಲ್ಲ ಅಂದರೆ, ಆ ಡೇಟಾಬೇಸ್ ಮೇಲೆ ‘ಸೆಲೆಕ್ಟ್’, ಅಂದರೆ ಓದುವ ಅನುಮತಿ, ಮಾತ್ರ ಕೊಡಿ. ವರದಿಗೆ ಅಷ್ಟು ಸಾಕು, ಅಲ್ವಾ?

ಕೊಡುವಾಗ ಡೇಟಾಬೇಸ್ ಹೆಸರಲ್ಲಿ ಅಂಡರ್‌ಸ್ಕೋರ್ ಇದ್ದರೆ ಹುಷಾರು. ಗ್ರ್ಯಾಂಟ್‌ನಲ್ಲಿ ಅಂಡರ್‌ಸ್ಕೋರ್ ಅಂದರೆ ‘ಯಾವುದಾದರೂ ಒಂದು ಅಕ್ಷರ’. ‘ಲೆಕ್ಕ_1’ ಎಂದು ಕೊಟ್ಟ ಅನುಮತಿ ‘ಲೆಕ್ಕ91’ಕ್ಕೂ ಹೋಗುತ್ತದೆ. ಅಂಡರ್‌ಸ್ಕೋರ್‌ಗಿಂತ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ.

ಅನುಮತಿ ಕೊಟ್ಟ ಮೇಲೆ ‘ಫ್ಲಶ್ ಪ್ರಿವಿಲೇಜಸ್’ (ಅನುಮತಿಗಳನ್ನು ಮತ್ತೆ ಓದಿಸುವ ಆದೇಶ) ಬೇಕಿಲ್ಲ. ಅನುಮತಿಯ ಟೇಬಲ್‌ಗಳನ್ನು ನೇರವಾಗಿ ಕೈಯಿಂದ ತಿದ್ದಿದಾಗ ಮಾತ್ರ ಅದು ಬೇಕು. ಆದರೆ ಇಡೀ ಸರ್ವರ್‌ಗೆ ಕೊಟ್ಟ ಅನುಮತಿ ಹಳೆಯ ಕನೆಕ್ಷನ್‌ಗೆ ತಾಗುವುದಿಲ್ಲ, ಹೊಸದಾಗಿ ಲಾಗಿನ್ ಆಗಬೇಕು.

ಹೊಸ ಸರ್ವರ್‌ಗೆ ಬ್ಯಾಕಪ್ ಹಾಕಿದ ಮೇಲೆ ಈ ತೊಂದರೆ ಶುರುವಾಯಿತೇ? ಒಂದು ಡೇಟಾಬೇಸ್‌ನ ಡಂಪ್‌ನಲ್ಲಿ, ಅಂದರೆ ಬ್ಯಾಕಪ್ ಫೈಲ್‌ನಲ್ಲಿ, ಯೂಸರ್‌ಗಳೂ ಅನುಮತಿಗಳೂ ಬರುವುದಿಲ್ಲ. ಹಳೆಯ ಸರ್ವರ್‌ನಲ್ಲಿ ‘ಶೋ ಗ್ರ್ಯಾಂಟ್ಸ್’ ಓಡಿಸಿ, ಆ ಸಾಲುಗಳನ್ನು ಒಂದು ಫೈಲ್‌ನಲ್ಲಿ ಇಟ್ಟುಕೊಳ್ಳಿ. ಹೊಸದರಲ್ಲಿ ಮೊದಲು ಯೂಸರ್ ಸೃಷ್ಟಿಸಿ, ನಂತರ ಅವನ್ನು ಓಡಿಸಿ. 8.0 ಆವೃತ್ತಿಯಿಂದ ಗ್ರ್ಯಾಂಟ್ ತಾನಾಗಿ ಯೂಸರ್ ಸೃಷ್ಟಿಸುವುದಿಲ್ಲ.