ಮೊದಲು ಬಾಕ್ಸ್ ಎಣಿಸಿ: ಸ್ಪ್ರೆಡ್ ಅಫೆನ್ಸ್ ನನಗೆ ಅರ್ಥವಾದ ಬಗೆ

ಟೆಕ್ಸಸ್‌ನಲ್ಲಿ ಎಂ.ಎಸ್. ಓದುವಾಗ ವಿದ್ಯಾರ್ಥಿ ವೀಸಾದವರಿಗೆ ಸಿಗುವ ವಾರಕ್ಕೆ 20 ಗಂಟೆಯ ಕ್ಯಾಂಪಸ್ ಕೆಲಸಕ್ಕೆ ನಾನು ಸೇರಿದ್ದು ಅಮೆರಿಕನ್ ಫುಟ್‌ಬಾಲ್ ತಂಡದ ವಿಡಿಯೊ ವಿಭಾಗಕ್ಕೆ. ಪ್ರತಿ ಪ್ಲೇಯನ್ನೂ (ಚೆಂಡು ಮುನ್ನಡೆಸುವ ಒಂದೊಂದು ಯತ್ನ) ಬೇರೆ ಬೇರೆಯಾಗಿ ಕತ್ತರಿಸಿ, ಯಾವ ಡೌನ್ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು), ಎಷ್ಟು ಗಜ ಬೇಕಿತ್ತು, ಚೆಂಡು ಯಾವ ಹ್ಯಾಶ್ (ಮೈದಾನದ ಉದ್ದಕ್ಕೂ ಇರುವ ಎರಡು ಸಾಲು ಗುರುತುಗಳಲ್ಲಿ ಒಂದು) ಮೇಲಿತ್ತು, ಎದುರಾಳಿಗಳು ಹೇಗೆ ನಿಂತಿದ್ದರು ಎಂದು ನಮೂದಿಸಬೇಕು. ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ನಿಲ್ಲಿಸುವ ದಾಳಿಯ ಶೈಲಿಯೇ ಸ್ಪ್ರೆಡ್; ಅದು ಬರೀ ಪಾಸ್ ಎಸೆಯುವ ಆಟ ಎನ್ನುವವರು ಈ ಕೆಲಸ ಮಾಡಿ ನೋಡಬೇಕು. ಅದರ ದೊಡ್ಡ ಲಾಭ ಇರುವುದು ಓಟದಲ್ಲಿ.

ನಾನು ರೂಢಿಸಿಕೊಂಡ ಕ್ರಮ ಸರಳ. ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವ ಕ್ಷಣ) ಮುಂಚೆ ವಿಡಿಯೊ ನಿಲ್ಲಿಸಿ ಬಾಕ್ಸ್‌ನಲ್ಲಿ, ಅಂದರೆ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ನಮ್ಮ ಲೈನ್‌ಮನ್‌ಗಳ ಎದುರು ಹತ್ತಿರದಲ್ಲೇ, ಎಷ್ಟು ರಕ್ಷಕರಿದ್ದಾರೆ ಎಂದು ಎಣಿಸುವುದು. ಪಾಸ್ ಹಿಡಿಯುವ ನಾಲ್ವರು ರಿಸೀವರ್‌ಗಳು ಅಗಲಕ್ಕೆ ಹೋಗಿ ನಿಂತರೆ ರಕ್ಷಕರೂ ಅವರ ಹಿಂದೆ ಹೋಗಲೇಬೇಕು. ಒಳಗೆ ಐವರೇ ಉಳಿದರೆ ನಮ್ಮ ಐವರು ಲೈನ್‌ಮನ್‌ಗಳಿಗೆ ತಲಾ ಒಬ್ಬ, ಓಡಬಹುದು. ಏಳು ಜನ ಬಂದರೆ ಹೊರಗೆ ಜಾಗ ಬಿಟ್ಟಿದ್ದಾರೆ, ಎಸೆಯಬಹುದು. ಕ್ರಿಕೆಟ್‌ನಲ್ಲಿ ಫೀಲ್ಡರ್‌ಗಳೆಲ್ಲ ಬೌಂಡರಿಗೆ ಹೋದಾಗ ಸಿಂಗಲ್ ಸಲೀಸಾಗುತ್ತದಲ್ಲ, ಹಾಗೆ. ಕಾಲೇಜು ಮೈದಾನ ಇದಕ್ಕೆ ಹೇಳಿ ಮಾಡಿಸಿದಂತಿದೆ: ಚೆಂಡು ಹ್ಯಾಶ್ ಮೇಲಿದ್ದರೆ ಒಂದು ಬದಿಗೆ 20 ಗಜ, ಇನ್ನೊಂದು ಬದಿಗೆ 33 ಗಜಕ್ಕೂ ಹೆಚ್ಚು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹ್ಯಾಶ್‌ಗಳು ನಡುವಿಗೇ ಇರುವುದರಿಂದ ಅಷ್ಟು ಅಗಲದ ಬದಿ ಸಿಗುವುದಿಲ್ಲ.

ಬಾಕ್ಸ್‌ನಲ್ಲಿ ಆರು ಜನ ಇದ್ದಾಗ ಆಟ ನಿಜಕ್ಕೂ ಚೆಂದ. ತಡೆಯಲು ಐವರು, ಎದುರಿಗೆ ಆರು. 1990ರ ದಶಕದಲ್ಲಿ ಗ್ಲೆನ್‌ವಿಲ್ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ಕೋಚ್ ರಿಚ್ ರೊಡ್ರಿಗೆಜ್ ಬೆಳೆಸಿದ ಝೋನ್ ರೀಡ್ ಎಂಬ ಓಟದ ತಂತ್ರ ಇದಕ್ಕೆ ಉತ್ತರ. ಆರನೆಯವನಾದ ಡಿಫೆನ್ಸಿವ್ ಎಂಡ್‌ನನ್ನು (ರಕ್ಷಣಾ ಸಾಲಿನ ತುದಿಯವನನ್ನು) ಬೇಕೆಂದೇ ಯಾರೂ ತಡೆಯುವುದಿಲ್ಲ. ಮೈದಾನದ ತುದಿಯ ಎಂಡ್ ಝೋನ್ ಹಿಂದಿನಿಂದ ತೆಗೆದ ವಿಡಿಯೊವನ್ನು ಫ್ರೇಮ್ ಫ್ರೇಮ್ ಆಗಿ ಸರಿಸಿದರೆ ಇದು ಸ್ಪಷ್ಟ. ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಡುವ ಆಟಗಾರನಾದ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿದಿರುತ್ತಾನೆ, ಕಣ್ಣು ಮಾತ್ರ ಆ ಎಂಡ್ ಮೇಲೆ. ಎಂಡ್‌ನ ಭುಜ ಒಳಗೆ ತಿರುಗಿತೋ, ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಳೆದುಕೊಂಡು ಆ ಎಂಡ್ ಬಿಟ್ಟ ಜಾಗದಲ್ಲೇ ಹೊರಗೆ ಓಡುತ್ತಾನೆ. ಭುಜ ನೇರವಾಗಿಯೇ ಇದ್ದರೆ ಚೆಂಡು ಬ್ಯಾಕ್‌ಗೆ. ಹೀಗೆ, ಯಾರೂ ಮುಟ್ಟದೆಯೇ ಒಬ್ಬ ರಕ್ಷಕ ಲೆಕ್ಕದಿಂದ ಹೊರಗೆ.

ದೈತ್ಯ ಲೈನ್‌ಮನ್‌ಗಳು ದೊಡ್ಡ ಹೆಸರಿನ ಕಾಲೇಜುಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ಉಳಿದವರಿಗೆ ಸಿಗುವುದು ಚುರುಕಾದ ಹುಡುಗರು. ಸ್ಪ್ರೆಡ್ ನನಗೆ ಇಷ್ಟವಾಗುವುದು ಆ ಹುಡುಗರಿಗೆ ಅದು ಕೊಡುವ ಅವಕಾಶಕ್ಕೆ. 2000ದಲ್ಲಿ ನಾರ್ತ್‌ವೆಸ್ಟರ್ನ್ 54-51ರಿಂದ ಮಿಶಿಗನ್ ತಂಡವನ್ನು ಸೋಲಿಸಿದ್ದು ಹೀಗೆಯೇ. 2007ರಲ್ಲಿ ಕೆಳಹಂತದ ಅಪಲಾಚಿಯನ್ ಸ್ಟೇಟ್, ಕ್ವಾರ್ಟರ್‌ಬ್ಯಾಕ್ ಅರ್ಮಾಂಟಿ ಎಡ್ವರ್ಡ್ಸ್‌ನನ್ನು ನಂಬಿ, ಅದೇ ಮಿಶಿಗನ್ ತಂಡವನ್ನು ಅದರ ತವರಿನಲ್ಲೇ 34-32ರಿಂದ ಮಣಿಸಿತು.

ತೊಂದರೆಗಳಿಲ್ಲ ಎಂದಲ್ಲ. ಓಡುವ ಕ್ವಾರ್ಟರ್‌ಬ್ಯಾಕ್ ಹೆಚ್ಚು ಪೆಟ್ಟು ತಿನ್ನುತ್ತಾನೆ, ಗೋಲ್ ಲೈನ್ ಹತ್ತಿರ ಜಾಗ ಕಿರಿದಾಗುತ್ತದೆ. ಆದರೂ 2012ರಲ್ಲಿ ಈ ಶೈಲಿಯ ಅವಸರದ ವೇಗವನ್ನು ಪ್ರಶ್ನಿಸಿದ್ದ ಅಲಬಾಮಾದ ಆಗಿನ ಕೋಚ್ ನಿಕ್ ಸೇಬನ್ ಅವರ ತಂಡವೇ ಕೆಲ ವರ್ಷಗಳಲ್ಲಿ ಇದನ್ನು ಅಳವಡಿಸಿಕೊಂಡಿತು.

ಕೊನೆಗೆ ನಮೂದಿನ ಪಟ್ಟಿಗೆ ನಾನೇ ಒಂದು ಕಾಲಂ ಸೇರಿಸಿದೆ: ಎಂಡ್‌ನ ಭುಜ ಯಾವ ಕಡೆ ತಿರುಗಿತು. ಕೋಚ್ ಅದನ್ನು ನೋಡಿ, ಮುಂದಿನ ಎದುರಾಳಿ ತಂಡದ ಎಂಡ್‌ಗಳ ತುಣುಕುಗಳನ್ನೆಲ್ಲ ಒಂದೇ ಕಡೆ ಜೋಡಿಸಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಕಳಿಸಲು ಹೇಳಿದರು. ಅಲ್ಲಿಂದಾಚೆ ಪ್ರತಿ ವಾರ ಅದು ನನ್ನ ಮೊದಲ ಕೆಲಸವಾಯಿತು.